ಬಳ್ಳಾರಿಯಲ್ಲಿ ಹೊಸ ಮನೆ: ಕಟ್ಟಿದ್ದನ್ನು ಕೊಳ್ಳುವುದೋ, ಫ್ಲ್ಯಾಟೋ, ಸೈಟು ಹಿಡಿದು ಕಟ್ಟಿಸುವುದೋ?

ಯುಗಾದಿ ಆದಾಗಿನಿಂದ ಮೂರು ಮನೆಯವರು ಒಂದೇ ಪ್ರಶ್ನೆ ಹಿಡಿದು ನನ್ನ ಹತ್ತಿರ ಬಂದರು. ಮೊದಲನೆಯ ಮನೆಯಲ್ಲಿ ಹೆಂಡತಿ ವಿಮ್ಸ್ ಆಸ್ಪತ್ರೆಯಲ್ಲಿ ನರ್ಸ್, ಗಂಡ ಹೈಸ್ಕೂಲ್ ಮಾಸ್ತರು. ಏನೇ ಮಾಡಿದರೂ 40 ಲಕ್ಷ ದಾಟಬಾರದು. ಎರಡನೆಯವರು ದಿನಾ ತೋರಣಗಲ್ಲಿಗೆ ಪಾಳಿ ಕೆಲಸಕ್ಕೆ ಹೋಗಿಬರುವವರು, 50 ಲಕ್ಷದ ಆಸುಪಾಸಿಗೆ ಸಿದ್ಧ. ಮೂರನೆಯವರು ಸಿರುಗುಪ್ಪದ ಕಡೆಯ ಭತ್ತದ ರೈತರು. ಮಕ್ಕಳ ಕಾಲೇಜಿಗೆಂದು ಬಳ್ಳಾರಿಯಲ್ಲೊಂದು ಮನೆ ಬೇಕು, ಆದರೆ ರಜೆ ಬಂತೆಂದರೆ ಅದಕ್ಕೆ ಬೀಗ.

ಇವರು ನನ್ನನ್ನು ಕೇಳಲು ಕಾರಣವಿದೆ. ಆರು ವರ್ಷದ ಹಿಂದೆ ನನ್ನ ತಮ್ಮ ಹೊಸದಾಗಿ ಕಟ್ಟಿ ಮಾರುತ್ತಿದ್ದ ಮನೆ ಕೊಂಡ. ಆಗ ನಾವು ನೋಡದೆ ಬಿಟ್ಟದ್ದು ಏನೇನು ಎಂಬುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಬಂಧುಬಳಗದಲ್ಲಿ ಯಾರೇ ಮನೆ ನೋಡಲು ಹೊರಟರೂ ಕೈಯಲ್ಲಿ ಅಳತೆಪಟ್ಟಿ ಹಿಡಿದು ಜೊತೆಗೆ ಹೋಗುತ್ತೇನೆ. ನಮ್ಮ ಊರಿನ ಮಟ್ಟಿಗೆ ನನ್ನ ಅಭಿಪ್ರಾಯ ಇಷ್ಟು: ಬಣ್ಣ ಒಣಗದ ಹೊಚ್ಚ ಹೊಸ ಮನೆಗಿಂತ ಒಂದು ಬೇಸಿಗೆ, ಒಂದು ಮಳೆಗಾಲ ಕಂಡ ಹೊಸ ಮನೆ ಮೇಲು. ಯಾಕೆ ಎಂಬುದು ಮಣ್ಣಿನಿಂದ ಶುರುವಾಗುತ್ತದೆ.

ಮೊದಲು ಮಣ್ಣು

ಬಳ್ಳಾರಿ ಗುಡ್ಡದ ಸುತ್ತ ಕಲ್ಲು, ಗರಸು, ಕೆಂಪು ಮಣ್ಣು ಸಿಗುತ್ತದೆ. ಊರು ಬೆಳೆಯುತ್ತಿರುವ ಹೊರಬದಿಯಲ್ಲಿ, ಅದರಲ್ಲೂ ಮೋಕಾ, ಸಿರುಗುಪ್ಪದ ದಿಕ್ಕಿಗೆ ಹೋದಂತೆ, ಎರೆ ಭೂಮಿ. ಹತ್ತಿಗೆ ಒಗ್ಗುವ ಈ ಕಪ್ಪು ಮಣ್ಣು ಮನೆಗೆ ಕಷ್ಟ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಏಪ್ರಿಲ್‌ನಲ್ಲಿ ಎರೆ ಹೊಲದ ಬಿರುಕಿನೊಳಗೆ ಕೈ ಇಳಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಮ್ಮನ ಮನೆಗೆ ಜನವರಿಯಲ್ಲಿ ವಾಸ್ತುಶಾಂತಿ ಮಾಡಿ ಹೊಕ್ಕೆವು. ಮೇ ತಿಂಗಳಲ್ಲಿ ಅಡುಗೆಮನೆಯ ಕಿಟಕಿಯ ಕೆಳಮೂಲೆಯಿಂದ ಓರೆಯಾಗಿ ಒಂದು ಗೆರೆ ಮೂಡಿತು. ಮೊದಲು ಕೂದಲೆಳೆಯಷ್ಟು, ತಿಂಗಳು ತುಂಬುವಷ್ಟರಲ್ಲಿ ರೂಪಾಯಿ ನಾಣ್ಯ ನಿಲ್ಲುವಷ್ಟು. ಕಟ್ಟಿದವರು ಆಳು ಕಳಿಸಿ ಪುಟ್ಟಿ ತುಂಬಿ ಬಣ್ಣ ಬಳಿಸಿದರು. ಮಳೆ ಬಂದ ಮೇಲೆ ಗೆರೆ ತಾನಾಗಿಯೇ ಮುಚ್ಚಿಕೊಂಡಿತು, ತುಂಬಿದ ಪುಟ್ಟಿ ಹೊರಗೆ ಉಬ್ಬಿ ಬಂತು. ಮರುವರ್ಷ ಮೇ ತಿಂಗಳಲ್ಲಿ ಮತ್ತೆ ಬಾಯಿ ಬಿಟ್ಟಿತು. ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚುವ ಬಿರುಕು ಗಿಲಾವಿನದಲ್ಲ, ಅಡಿಯ ಮಣ್ಣಿನದು. ಮೂರಡಿ ಅಗೆದು ಎರೆಯ ಮೇಲೆಯೇ ಸೈಜುಗಲ್ಲಿನ ಪಾಯ ಹಾಕಿದ್ದರು ಎಂದು ನಮಗೆ ಗೊತ್ತಾದದ್ದು, ಕೆಲಸ ಮಾಡಿದ ಗೌಂಡಿಯನ್ನು ಹುಡುಕಿ ಕೇಳಿದ ಮೇಲೆ.

ಎರೆಯಲ್ಲಿ ಮನೆ ಕಟ್ಟಲೇಬಾರದು ಎಂದಲ್ಲ. ಕಾಲಂಗಳನ್ನು ಗಟ್ಟಿ ಪದರದವರೆಗೆ ಇಳಿಸಿ, ಎಲ್ಲವನ್ನೂ ನೆಲಮಟ್ಟದ ಕಾಂಕ್ರೀಟ್ ತೊಲೆಯಿಂದ (ಪ್ಲಿಂತ್ ಬೀಮ್) ಕಟ್ಟಿಹಾಕಿ, ಒಳಗಿನ ಕಪ್ಪು ಮಣ್ಣು ತೆಗೆದು ಗರಸು ತುಂಬಿ ಕುಟ್ಟಿದರೆ ಮನೆ ನಿಲ್ಲುತ್ತದೆ. ಎರೆ ಆಳವಾಗಿದ್ದರೆ ತುದಿಯಲ್ಲಿ ಗೆಡ್ಡೆಯಂತೆ ಅಗಲವಾಗುವ ಅಂಡರ್-ರೀಮ್ಡ್ ಪೈಲ್ ಹಾಕುತ್ತಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇದನ್ನು ಇಂಥ ಮಣ್ಣಿಗೆಂದೇ ರೂಪಿಸಿತು. ಸುಮಾರು ಮೂರೂವರೆ ಮೀಟರ್ ಆಳಕ್ಕೆ ಹೋದರೆ ಋತುವಿನೊಂದಿಗೆ ಮಣ್ಣು ಹಿಗ್ಗಿ ಕುಗ್ಗುವ ಕಾಟ ಬಹುಪಾಲು ತಪ್ಪುತ್ತದೆ. ಇದಕ್ಕೆಲ್ಲ ದುಡ್ಡು ಬೇಕು, ಮತ್ತು ಆ ದುಡ್ಡು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಮಾರಾಟದ ಮನೆಯಲ್ಲಿ ಮೊದಲು ಕತ್ತರಿ ಬೀಳುವುದು ಪಾಯಕ್ಕೆ, ಹೊಳಪು ಹೆಚ್ಚುವುದು ಟೈಲ್ಸಿಗೆ.

ಹಾಗಾದರೆ ಕಟ್ಟಿ ಮುಗಿದ ಮನೆಯ ಪಾಯವನ್ನು ಹೇಗೆ ನೋಡುವುದು? ಅಕ್ಕಪಕ್ಕದ ಕಾಂಪೌಂಡ್ ಗೋಡೆ ನೋಡಿ. ಕಾಂಪೌಂಡಿಗೆ ಯಾರೂ ಆಳದ ಪಾಯ ಹಾಕುವುದಿಲ್ಲ, ಹಾಗಾಗಿ ಮಣ್ಣಿನ ಗುಣ ಮೊದಲು ಅಲ್ಲೇ ಬಯಲಾಗುತ್ತದೆ. ಒಂದು ಸಾಲಿನಲ್ಲಿ ನಾಲ್ಕು ಕಾಂಪೌಂಡ್ ಓರೆಯಾಗಿ ಬಿರಿದಿದ್ದರೆ ಅದು ಎರೆ. ಲೇಔಟಿನ ರಸ್ತೆ ಕೆಂಪಗಿದೆ ಎಂದು ನಂಬಬೇಡಿ, ಅದು ಮೇಲೆ ಸುರಿದ ಗರಸು. ಪಕ್ಕದ ಖಾಲಿ ಹೊಲಕ್ಕೆ ಇಳಿದು ಕಾಲಲ್ಲಿ ಕೆದಕಿ ನೋಡಿ. ಪಾಯ ತೋಡಿದಾಗ, ಕಬ್ಬಿಣ ಕಟ್ಟಿದಾಗ ತೆಗೆದ ಫೋಟೋ ತೋರಿಸಿ ಎಂದು ಕೇಳಿ. ಈಗಿನ ಕಾಲದಲ್ಲಿ ಗೌಂಡಿಯ ಫೋನಿನಲ್ಲಾದರೂ ನಾಲ್ಕು ಫೋಟೋ ಇದ್ದೇ ಇರುತ್ತವೆ.

ಆಮೇಲೆ ನೀರು, ಬಿಸಿಲು

ಆಂಟಿ ಒಬ್ಬರು ಗೇಟಿನಲ್ಲಿ ನಿಂತು ಹೇಳಿದ ಮಾತು ನೆನಪಿದೆ: “ಮನಿ ಚಲೋ ಐತಿ ಬಿಡ್ರೀ ಅಣ್ಣಾ, ನೀರು ಎಷ್ಟು ದಿನಕ್ಕೊಮ್ಮಿ ಬಿಡ್ತಾರ ಅದನ್ನ ಕೇಳ್ರಿ ಮೊದ್ಲು.” ಬಳ್ಳಾರಿಯ ನಳದ ನೀರು ತುಂಗಭದ್ರೆಯ ಕಾಲುವೆಯದು, ಅಲ್ಲೀಪುರ ಮತ್ತು ಮೋಕಾದ ಕೆರೆಗಳಲ್ಲಿ ನಿಂತು ಬರುವಂಥದ್ದು. ದಿನಾ ಬರುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ನಮ್ಮ ನಳ ಎಷ್ಟು ದೂರದ ಸರಪಳಿಗೆ ಕಟ್ಟಿದೆ ಎಂಬುದು ಎಲ್ಲರಿಗೂ ಅರಿವಾಯಿತು.

ಹಾಗಾಗಿ ಸಂಪು ಅಳೆಯಿರಿ. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಗರಗಳಿಗೆ ಹಾಕಿಕೊಂಡಿರುವ ಲೆಕ್ಕ. ಐದು ಜನಕ್ಕೆ ದಿನಕ್ಕೆ 675 ಲೀಟರ್, ಹತ್ತು ದಿನಕ್ಕೆ 6,750. ಉದ್ದ, ಅಗಲ, ಆಳ ಮೂರೂ ಆರಡಿ ಇರುವ ಸಂಪು ಹಿಡಿಸುವುದು ಸುಮಾರು 6,100 ಲೀಟರ್. ಮಾರಾಟದ ಮನೆಗಳಲ್ಲಿ ಕಾರು ನಿಲ್ಲಿಸುವ ಜಾಗದ ಕೆಳಗೆ ಇದರ ಅರ್ಧದಷ್ಟು ಸಂಪು ಕಂಡಿದ್ದೇನೆ. ಅದನ್ನು ಆಮೇಲೆ ದೊಡ್ಡದು ಮಾಡುವುದು ಕೈಲಾಗದ ಕೆಲಸ. ಬೋರ್ ಇದೆ ಎಂದರೆ ನೀರಿನ ರುಚಿ ನೋಡಿ, ನಲ್ಲಿಯ ಬಾಯಲ್ಲಿ ಬಿಳಿ ಹಕ್ಕಳೆ ಕಟ್ಟಿದೆಯೇ ನೋಡಿ.

ಬಿಸಿಲಿಗೆ ಒಂದೇ ಪರೀಕ್ಷೆ. ಬೇಸಿಗೆಯ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಹೋಗಿ ಪಶ್ಚಿಮದ ಮಲಗುವ ಕೋಣೆಯ ಗೋಡೆಗೆ ಒಳಗಿನಿಂದ ಅಂಗೈ ಇಡಿ. ಕಿಟಕಿಯ ಸಂದಿಯಲ್ಲಿ ಪಟ್ಟಿ ಇಟ್ಟು ಹೊರಗೋಡೆಯ ದಪ್ಪ ಅಳೆಯಿರಿ. ಇಟ್ಟಿಗೆಯದಾದರೆ ಗಿಲಾವು ಸೇರಿ ಒಂಬತ್ತು ಇಂಚಿಗಿಂತ ಹೆಚ್ಚಿರಬೇಕು. ಐದು-ಆರು ಇಂಚು ಬಂದರೆ ನಾಲ್ಕೂವರೆ ಇಂಚಿನ ಗೋಡೆಯನ್ನು ಹೊರಗೋಡೆ ಮಾಡಿದ್ದಾರೆ ಎಂದರ್ಥ. ಹಿರಿಯರ ಮಾಳಿಗೆ ಮನೆಗಳು ಮೊಳ ದಪ್ಪದ ಗೋಡೆಯಿಂದ ತಂಪಾಗಿದ್ದವು, ಆ ದಪ್ಪವನ್ನು ಈಗ ಕೇಳಲಾಗದು, ಆದರೆ ಅರ್ಧ ಇಟ್ಟಿಗೆಗೆ ಒಪ್ಪಬೇಡಿ. ಹೋದಾಗಲೇ ಮಾಳಿಗೆಯ ಮೇಲೆ ಬೆರಳಾಡಿಸಿ. ಸ್ಪಾಂಜ್ ಐರನ್ ಕಾರ್ಖಾನೆಗಳ ಗಾಳಿ ಬೀಸುವ ಕಡೆ ಬೆರಳು ಕಪ್ಪಾಗುತ್ತದೆ. ಮನೆಯಲ್ಲಿ ಉಬ್ಬಸದವರಿದ್ದರೆ ಆ ಮನೆ ಬೇಡ, ಬೇರೆ ಮಾತೇ ಇಲ್ಲ.

ಕಾಗದ ಮತ್ತು ಕೈಯಿಂದ ಹೋಗುವ ದುಡ್ಡು

ಕಾಗದದಲ್ಲಿ ಸಾಲು ಹೀಗೆ: ಹೊಲವನ್ನು ಕೃಷಿಯೇತರ ಮಾಡಿದ ಜಿಲ್ಲಾಧಿಕಾರಿ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ, ಆ ಸೈಟು ಪ್ರಾಧಿಕಾರದಿಂದ ಬಿಡುಗಡೆ ಆಗಿರುವ ಪತ್ರ, ಕಟ್ಟಡದ ಪರವಾನಗಿ ನಕ್ಷೆ, ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ ದಾಖಲೆ), 30 ವರ್ಷದ ಋಣಭಾರ ಪತ್ರ. ಇ-ಖಾತಾ ಇಲ್ಲದೆ ಈಗ ಊರೊಳಗಿನ ಆಸ್ತಿ ನೋಂದಣಿಯೇ ಆಗದು. ಬಿ-ಖಾತಾ ಎಂದರೆ ತೆರಿಗೆ ಕಟ್ಟಿಸಿಕೊಳ್ಳುವ ದಾಖಲೆ, ಲೇಔಟ್ ಸಕ್ರಮ ಎಂಬ ಮುದ್ರೆಯಲ್ಲ. “ಎಲ್ಲಾ ಒಂದೇ ಸಾರ್” ಎಂದು ಬ್ರೋಕರ್ ಹೇಳಿದರೆ ಬ್ಯಾಂಕಿಗೆ ಹೋಗಿ ಕೇಳಿ, ಎಷ್ಟು ಬ್ಯಾಂಕು ಸಾಲ ಕೊಡುತ್ತವೆ ಎಂಬುದರಲ್ಲೇ ಉತ್ತರ ಇದೆ. ಊರಂಚಿನ ಜಮೀನು ಹಿಂದೆ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ, ಮೂಲ ಪಹಣಿಯವರೆಗೆ ಹೋಗಿ ನೋಡಿಸಿ. ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದಿಂದ ಹಳೆಯ ಪತ್ರಗಳಲ್ಲಿ ಅಳತೆ ಸೆಂಟಿನಲ್ಲಿರುತ್ತದೆ. ಒಂದು ಸೆಂಟು 435.6 ಚದರಡಿ, 30×40ರ ಸೈಟು ಎರಡೂ ಮುಕ್ಕಾಲು ಸೆಂಟು. ಪತ್ರದ ಸೆಂಟಿಗೂ ನೆಲದ ಅಡಿಗೂ ತಾಳೆ ನೋಡಿ.

ಬೆಲೆ 50 ಲಕ್ಷ ಎಂದರೆ ಕೈಯಿಂದ ಎಷ್ಟು ಬೇಕು? ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್, ಸರ್ಚಾರ್ಜ್ ಸೇರಿ ನಗರದಲ್ಲಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1%ರ ಬದಲು 2%. ಒಟ್ಟು 7.6%, ಅಂದರೆ 3 ಲಕ್ಷ 80 ಸಾವಿರ. 30ರಿಂದ 75 ಲಕ್ಷದೊಳಗಿನ ಸಾಲಕ್ಕೆ ಬ್ಯಾಂಕು ಬೆಲೆಯ 80% ಮೀರಿ ಕೊಡುವಂತಿಲ್ಲ, ಮತ್ತು ನೋಂದಣಿ ಖರ್ಚು ಆ ಬೆಲೆಯಲ್ಲಿ ಸೇರುವುದಿಲ್ಲ. ಹಾಗಾಗಿ ಸಾಲ 40 ಲಕ್ಷ, ನಿಮ್ಮ ಕೈಯಿಂದ 13 ಲಕ್ಷ 80 ಸಾವಿರ, ಅದರ ಮೇಲೆ ಕಪಾಟು, ಕಿಟಕಿ ಜಾಲರಿ, ವಾಸ್ತುಶಾಂತಿ. 8.5% ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 34,700. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲಿ 1% ಆದಾಯ ತೆರಿಗೆಯನ್ನು (ಟಿಡಿಎಸ್) ಕೊಳ್ಳುವವರೇ ಹಿಡಿದು ಕಟ್ಟಬೇಕು. “ಪತ್ರದಲ್ಲಿ ಕಮ್ಮಿ ತೋರಿಸೋಣ, ಉಳಿದದ್ದು ನಗದು” ಎಂಬ ಮಾತಿಗೆ ಬಗ್ಗಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ಮತ್ತು ಮೇಲ್ಪಟ್ಟು ನಗದು ಮುಂಗಡ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ನಾಳೆ ವ್ಯವಹಾರ ಮುರಿದರೆ ಆ ನಗದಿಗೆ ನಿಮ್ಮ ಹತ್ತಿರ ಸಾಕ್ಷಿಯೂ ಇರುವುದಿಲ್ಲ.

ಕಟ್ಟಿ ಮಾರುವ ಬಿಡಿ ಮನೆ

ನಮ್ಮಲ್ಲಿ ಹೆಚ್ಚು ಓಡುವುದು ಇದೇ. 30×40ರಲ್ಲಿ ಕೆಳಗೆ ಒಂದು, ಮೇಲೆ ಒಂದು. ಇದರ ಅನುಕೂಲ ದೊಡ್ಡದು: ನೋಡಿಯೇ ಕೊಳ್ಳುತ್ತೀರಿ, ತಿಂಗಳೊಪ್ಪತ್ತಿನಲ್ಲಿ ಹೊಕ್ಕುತ್ತೀರಿ, ಬಾಡಿಗೆ ಮತ್ತು ಕಂತು ಎರಡನ್ನೂ ಹೊರುವ ಕಾಲ ಬರುವುದಿಲ್ಲ. ಮೇಲಂತಸ್ತಿನ ಬಾಡಿಗೆ ಕಂತಿಗೆ ಆಸರೆ. ನೆಲ ಪೂರ್ತಿ ನಿಮ್ಮದು.

ತೊಡಕು, ಒಳಗಿನದು ಮುಚ್ಚಿಹೋಗಿದೆ. ಸ್ಲ್ಯಾಬ್ ಹಾಕಿದ್ದು ಯಾವ ತಿಂಗಳು ಎಂದು ಕೇಳಿ. ಕಾಂಕ್ರೀಟಿಗೆ ಕನಿಷ್ಠ ಏಳು ದಿನ ನೀರು ಕಟ್ಟಿ ನಿಲ್ಲಿಸಬೇಕು, ನಮ್ಮಂಥ ಬಿಸಿಲಿನೂರಿನಲ್ಲಿ ಹತ್ತು ದಿನ, ಬೂದಿ ಬೆರೆತ ಸಿಮೆಂಟಾದರೆ ಹದಿನಾಲ್ಕು. ಮೇ ತಿಂಗಳಲ್ಲಿ, ನಳ ಬಾರದ ಲೇಔಟಿನಲ್ಲಿ ಆ ನೀರು ಎಲ್ಲಿಂದ ತಂದರು? ಟ್ಯಾಂಕರಿನ ಲೆಕ್ಕ ಹೇಳಬಲ್ಲವರು ನಿಜಕ್ಕೂ ನೀರುಣಿಸಿದವರು. ಒಂದೇ ಸೈಟಿನ ಮನೆ ರೇರಾ ಎಂಬ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ನೋಂದಣಿಗೆ ಬರುವುದಿಲ್ಲ, ಆದ್ದರಿಂದ ಬಿರುಕು, ಸೋರಿಕೆಗೆ ಇಷ್ಟು ವರ್ಷ ಹೊಣೆ ಎಂಬುದನ್ನು ಕರಾರು ಪತ್ರದಲ್ಲೇ ಬರೆಸಬೇಕು. ಬಾಯಿಮಾತಿನ ಹೊಣೆ ನಮ್ಮ ತಮ್ಮನಿಗೆ ಎರಡು ಡಬ್ಬಿ ಪುಟ್ಟಿಯಲ್ಲಿ ಮುಗಿಯಿತು. ಜೆಸ್ಕಾಂನ ಕರೆಂಟ್ ಮೀಟರು ಮನೆಬಳಕೆಯ ಕಾಯಂ ಸಂಪರ್ಕವೋ, ಕಟ್ಟುವಾಗ ಪಡೆದ ತಾತ್ಕಾಲಿಕವೋ ಎಂಬುದನ್ನು ಬಿಲ್ಲಿನಲ್ಲಿ ನೋಡಿ.

ವರ್ಷವಾದರೂ ಮಾರಾಟವಾಗದ ಹೊಸ ಮನೆಯನ್ನು ಜನ “ಯಾಕೋ ಯಾರೂ ತಗೊಂಡಿಲ್ಲ” ಎಂದು ಬಿಟ್ಟು ಮುಂದೆ ಹೋಗುತ್ತಾರೆ. ನಾನು ಅಂಥದ್ದನ್ನೇ ಮೊದಲು ನೋಡುತ್ತೇನೆ. ಹಳೆಯದಾದ ಬಣ್ಣದ ಕೆಳಗೆ ಮಣ್ಣಿನ ನಡತೆ ಕಾಣುತ್ತದೆ, ಮಾಳಿಗೆ ಸೋರಿದ್ದರೆ ಕಲೆ ಇರುತ್ತದೆ. ಬೆಲೆಯಲ್ಲೂ ಮಾತಾಡಲು ಜಾಗವಿರುತ್ತದೆ.

ಫ್ಲ್ಯಾಟ್

ಬಳ್ಳಾರಿಯವರಿಗೆ ಫ್ಲ್ಯಾಟ್ ಎಂದರೆ ಇನ್ನೂ ಅರೆಮನಸ್ಸು. ನೆಲವಿಲ್ಲ, ಅಂಗಳವಿಲ್ಲ ಎಂಬ ಮಾತು ಹಿರಿಯರಿಂದ ಬಂದೇ ಬರುತ್ತದೆ. ಆ ಮಾತಿನಲ್ಲಿ ತಥ್ಯವೂ ಇದೆ: ನಿಮಗೆ ಸಿಗುವುದು ನೆಲದಲ್ಲಿ ಅವಿಭಜಿತ ಪಾಲು. ಆದರೆ ಫ್ಲ್ಯಾಟಿಗೆ ರಕ್ಷಣೆ ಹೆಚ್ಚು. 500 ಚದರ ಮೀಟರ್ ಮೀರಿದ ಜಾಗದಲ್ಲಿ ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಕಟ್ಟುವವರು 2016ರ ರೇರಾ ಕಾಯ್ದೆಯಡಿ ನೋಂದಾಯಿಸಲೇಬೇಕು. ಕೊಂಡವರಿಂದ ಬಂದ ದುಡ್ಡಿನ 70% ಪ್ರತ್ಯೇಕ ಖಾತೆಯಲ್ಲಿರಬೇಕು, ಕರಾರು ನೋಂದಣಿಯಾಗದೆ 10% ಮೀರಿ ಮುಂಗಡ ಪಡೆಯುವಂತಿಲ್ಲ, ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಬಿಟ್ಟಿಯಾಗಿ ಸರಿಪಡಿಸಬೇಕು. ಬಿಡಿ ಮನೆಯಲ್ಲಿ ನೀವು ಬೇಡಿ ಬರೆಸಿಕೊಳ್ಳಬೇಕಾದದ್ದು ಇಲ್ಲಿ ಕಾನೂನಾಗಿಯೇ ಇದೆ.

ತೆರಿಗೆಯಲ್ಲಿ ಎರಡು ದಾರಿ. ಮುಗಿದು ಪೂರ್ಣಗೊಂಡ ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಕಟ್ಟುತ್ತಿರುವಾಗ ಬುಕ್ ಮಾಡಿದರೆ 5%. ಬೆಲೆ 45 ಲಕ್ಷದೊಳಗೆ, ಕಾರ್ಪೆಟ್ ಏರಿಯಾ (ಹೊರಗೋಡೆ ಬಿಟ್ಟು ಒಳಗೆ ಬಳಸುವ ಜಾಗ) 90 ಚದರ ಮೀಟರ್ ಒಳಗೆ ಇದ್ದರೆ ನಮ್ಮಂಥ ಊರಿನಲ್ಲಿ 1%. ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ ಬೆಲೆ 20 ಲಕ್ಷ ಮೀರಿ 45 ಲಕ್ಷದವರೆಗಿದ್ದರೆ ಮುದ್ರಾಂಕ ಶುಲ್ಕ 5%ರ ಬದಲು 3%. ಬುಕ್ ಮಾಡಿದರೆ ಬೆಲೆ ಕಡಿಮೆ ಎನ್ನುತ್ತಾರೆ, ಜಿಎಸ್‌ಟಿ ಮತ್ತು ಕಾಯುವ ತಿಂಗಳುಗಳ ಬಾಡಿಗೆ ಸೇರಿಸಿ ಕೂಡಿಸಿ ನೋಡಿದರೆ ಆ ಕಡಿಮೆ ಬಹಳ ಸಲ ಕರಗಿಹೋಗುತ್ತದೆ. ಕೊನೆಯ ಮಹಡಿ ಬೇಡ, ಮಾಳಿಗೆ ಕಾದು ರಾತ್ರಿ ಹನ್ನೊಂದಾದರೂ ಕೆಳಗೆ ಬಿಸಿ ಸುರಿಸುತ್ತದೆ. ನೀರಿಗೆ ಟ್ಯಾಂಕರ್ ತರಿಸುವ ಕಟ್ಟಡವಾದರೆ ತಿಂಗಳ ನಿರ್ವಹಣೆ ಎಷ್ಟು ಎಂಬುದನ್ನು ಬಿಲ್ಡರನ್ನಲ್ಲ, ಅಲ್ಲಿರುವವರನ್ನು ಕೇಳಿ.

ಸೈಟು ಕೊಂಡು ಕಟ್ಟಿಸುವುದು

ನಿಮ್ಮ ಕಣ್ಣೆದುರೇ ಪಾಯ ಇಳಿಯುತ್ತದೆ, ಇದಕ್ಕಿಂತ ದೊಡ್ಡ ಧೈರ್ಯ ಬೇರಿಲ್ಲ. ಮುದ್ರಾಂಕ ಮತ್ತು ನೋಂದಣಿ ಸೈಟಿನ ಬೆಲೆಗಷ್ಟೇ. 20 ಲಕ್ಷದ ಸೈಟಾದರೆ 1 ಲಕ್ಷ 52 ಸಾವಿರ, 50 ಲಕ್ಷದ ಸಿದ್ಧ ಮನೆಗೆ ಹೋಲಿಸಿದರೆ ಎರಡು ಲಕ್ಷಕ್ಕೂ ಹೆಚ್ಚು ಉಳಿತಾಯ, ಪಾಯಕ್ಕೆ ಹಾಕಲು ಆ ದುಡ್ಡು ಸಾಕಷ್ಟಾಯಿತು. ಈಗ ಕೆಳಗಿನದು ಮಾತ್ರ ಕಟ್ಟಿ, ಕಾಲಂಗಳನ್ನು ಮೇಲಂತಸ್ತಿಗೆ ತಾಳುವಂತೆ ಬಿಟ್ಟು, ಮುಂದೆ ಎತ್ತರಿಸಬಹುದು.

ಆದರೆ ಇದಕ್ಕೆ ಮನೆಯಲ್ಲಿ ಒಬ್ಬರ ವರ್ಷ ಹೋಗುತ್ತದೆ. ಬ್ಯಾಂಕು ಹಂತಹಂತವಾಗಿ ದುಡ್ಡು ಬಿಡುತ್ತದೆ, ಗೌಂಡಿ ವಾರವಾರ ಕೇಳುತ್ತಾನೆ, ನಡುವಿನ ಅಂತರಕ್ಕೆ ಕೈಯಲ್ಲಿ ಗಂಟು ಬೇಕು. ಉಸುಕು, ಕಬ್ಬಿಣದ ದರ ಏರಿದರೆ ಅದೂ ನಿಮ್ಮ ತಲೆಗೇ. ಬರೀ ಸೈಟಿಗೆ ಬ್ಯಾಂಕು ಕೊಡುವ ಪಾಲು ಕಡಿಮೆ, ಸೈಟು-ಕಟ್ಟಡ ಎರಡಕ್ಕೂ ಸೇರಿಸಿ ಸಾಲ ಕೇಳಿ. ಚದರಕ್ಕೆ ಇಷ್ಟು ಎಂದು ಒಪ್ಪಿಕೊಳ್ಳುವಾಗ ಪಾಯ ಎಷ್ಟು ಅಡಿ, ಸಂಪು ಎಷ್ಟು ಲೀಟರ್, ಕಾಂಪೌಂಡ್ ಸೇರಿದೆಯೇ ಎಂಬುದನ್ನು ಮೊದಲ ದಿನವೇ ಬರೆಸಿ. ಜಗಳ ಹುಟ್ಟುವುದು ಈ ಮೂರರಲ್ಲೇ.

ಮೂವರಿಗೆ ನಾನು ಹೇಳಿದ್ದು

ರೈತರಿಗೆ ಫ್ಲ್ಯಾಟ್ ಎಂದೆ. ತಿಂಗಳುಗಟ್ಟಲೆ ಬೀಗ ಹಾಕಿದ ಬಿಡಿ ಮನೆಯ ಕಾವಲು ಯಾರು ಮಾಡುತ್ತಾರೆ? ಮಕ್ಕಳಿಬ್ಬರೇ ಇದ್ದಾಗ ಗೇಟಿನಲ್ಲಿ ಒಬ್ಬ ವಾಚ್‌ಮನ್ ಇರುವುದು ಅವರ ತಾಯಿಗೂ ನೆಮ್ಮದಿ. ಭತ್ತ ಮಾರಿದಾಗ ಒಟ್ಟಿಗೆ ದುಡ್ಡು ಬರುವುದರಿಂದ ಮುಗಿದ ಫ್ಲ್ಯಾಟನ್ನೇ ಹಿಡಿದರೆ ಜಿಎಸ್‌ಟಿಯೂ ಇಲ್ಲ. ಪಾಳಿ ಕೆಲಸದವರಿಗೆ ಸಿದ್ಧ ಬಿಡಿ ಮನೆ, ಅದೂ ಹೊಸಪೇಟೆ ರಸ್ತೆಯ ಕಡೆ, ಒಂದು ಬೇಸಿಗೆ ಕಂಡದ್ದು. ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಗೌಂಡಿಯ ಹಿಂದೆ ನಿಲ್ಲಲಾರರು, ಕಂತಿನ ಜೊತೆ ಬಾಡಿಗೆಯನ್ನೂ ಹೊರಲಾರರು. ಹಗಲು ನಿದ್ದೆ ಮಾಡುವವರಾದ್ದರಿಂದ ಮಲಗುವ ಕೋಣೆ ಪಶ್ಚಿಮಕ್ಕೆ ಬೇಡ ಎಂದೂ ಹೇಳಿದೆ.

ಮಾಸ್ತರ ಮನೆಯವರದ್ದೇ ಕಷ್ಟದ ಲೆಕ್ಕ. 40 ಲಕ್ಷದಲ್ಲಿ ಫ್ಲ್ಯಾಟ್ ಸುಲಭ, ಮುದ್ರಾಂಕವೂ ಕಡಿಮೆ, ಆಸ್ಪತ್ರೆಗೂ ಹತ್ತಿರ ಸಿಗಬಹುದು. ಅವರಿಗೆ ಮಾತ್ರ ಮುಂದೆ ತಂದೆ-ತಾಯಿಯನ್ನು ಕರೆತರಲು ಮೇಲಂತಸ್ತು ಬೇಕು. ಸೈಟು ಕೊಂಡು ಕೆಳಗಿನ ಎರಡು ಕೋಣೆ ಕಟ್ಟಿಸಿ ಎಂದೆ, ಒಂದು ಷರತ್ತಿನೊಂದಿಗೆ. ಮಾಸ್ತರಿಗೆ ಬಿಡುವಿರುವುದು ಏಪ್ರಿಲ್-ಮೇ ರಜೆಯಲ್ಲಿ, ಆದರೆ ಕಾಂಕ್ರೀಟಿಗೆ ಅದೇ ಕೆಟ್ಟ ಕಾಲ. ರಜೆಯಲ್ಲಿ ಪಾಯ ತೋಡಿ ಸಂಪು ಮುಗಿಸಿಕೊಳ್ಳಿ, ಆ ಸಂಪಿನ ನೀರಿನಿಂದಲೇ ಮಳೆ ಶುರುವಾದ ಮೇಲೆ ಸ್ಲ್ಯಾಬ್ ಹಾಕಿಸಿ ಎಂದೆ.

ಸಂಚಕಾರ ಕೊಡುವ ಮೊದಲು ಸೈಟಿನ ಮೂಲೆಯಲ್ಲಿ ಗುಂಡಿ ತೋಡಿಸಲು ಮಾಲೀಕರ ಒಪ್ಪಿಗೆ ಕೇಳಿದೆವು. ಮೊದಲ ಸೈಟಿನವರು ಒಪ್ಪಲಿಲ್ಲ, ಬಿಟ್ಟೆವು. ಎರಡನೆಯ ಕಡೆ ಕಳೆದ ಭಾನುವಾರ ಜೆಸಿಬಿ ತರಿಸಿ ಒಂದು ತಾಸು ತೋಡಿಸಿದರು. ಐದಡಿವರೆಗೆ ಎರೆ, ಅದರ ಕೆಳಗೆ ಬಿಳಿ ಸುಣ್ಣದ ಹರಳು ಬೆರೆತ ಮಣ್ಣು, ಎಂಟಡಿಗೆ ಬಕೆಟ್ಟಿನ ಹಲ್ಲು ಗರಸಿಗೆ ತಾಗಿ ಕರಕರ ಸದ್ದು ಬಂತು. ಮಾಸ್ತರ ಹೆಂಡತಿ, ಆ ನರ್ಸ್ ಅಕ್ಕ, ಗುಂಡಿಯ ಅಂಚಿನಲ್ಲಿ ಕೂತು ಮೇಲೆ ಬಂದ ಗರಸನ್ನು ಕೈಯಲ್ಲಿ ಹಿಸುಕಿ ನೋಡಿದರು, ಆಮೇಲೆ ಅಳತೆಪಟ್ಟಿಯನ್ನು ಗಂಡನಿಗೆ ಕೊಟ್ಟು ಎಂಟಡಿ ಎಂದು ಫೋಟೋ ತೆಗೆಸಿಕೊಂಡರು. ಕರಾರು ಪತ್ರದಲ್ಲಿ ಪಾಯದ ಆಳ ಒಂಬತ್ತಡಿ ಎಂದು ಬರೆಸಲಿದ್ದಾರೆ.